ಟಿಎಸ್‌ಎಚ್ ನಾರ್ಮಲ್, ಆದರೂ ಸುಸ್ತು

ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗಡ್ಡೆಯಿಂದ ಆಕ್ರೊಮೆಗಾಲಿ (ಕೈಕಾಲು, ಮುಖ ದಪ್ಪಗಾಗುವ ಕಾಯಿಲೆ) ಆದವರ ಮನೆಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: “ಡಾಕ್ಟ್ರೇ, ಈಗ ಕುತ್ತಿಗೆಯೂ ಊದಿದೆ. ತಲೆಯೊಳಗಿನ ಗಡ್ಡೆ ಗಂಟಲಿಗೆ ಇಳಿಯಿತೇ?”

ಇಲ್ಲ, ಇಳಿದಿಲ್ಲ. ಆ ಗಡ್ಡೆ ಅತಿಯಾಗಿ ಸುರಿಸುವ ಗ್ರೋತ್ ಹಾರ್ಮೋನಿನಿಂದ ಯಕೃತ್ತಿನಲ್ಲಿ ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನ್ ಹೆಚ್ಚುತ್ತದೆ. ಉಂಗುರ ಬಿಗಿಯಾದದ್ದು, ಚಪ್ಪಲಿಯ ಅಳತೆ ಏರಿದ್ದು ಅದರಿಂದಲೇ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ದಪ್ಪಗಾಗುವುದೂ ಬಹುಮಟ್ಟಿಗೆ ಅದರಿಂದಲೇ. ಗಂಟುಗಳಿದ್ದರೆ ಸ್ಕ್ಯಾನ್ ಮಾಡಿಸಿ. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಎಲೆಕೋಸು ತಿನ್ನುವುದು ಬಿಟ್ಟರೆ ಊತ ಕರಗುತ್ತದೆ ಅನ್ನುವವರ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ಎಷ್ಟು ಸಲ ಹೇಳಿದರೂ ಈ ಎಲೆಕೋಸಿನ ಮಾತು ನಿಲ್ಲುತ್ತಿಲ್ಲ!

ನನಗೆ ಊತಕ್ಕಿಂತ ಹೆಚ್ಚು ಭಯ ಟಿಎಸ್‌ಎಚ್ ರಕ್ತಪರೀಕ್ಷೆಯ ಚೀಟಿಯದು. ಟಿಎಸ್‌ಎಚ್ ಥೈರಾಯ್ಡಿನಲ್ಲಿ ಹುಟ್ಟುವುದಿಲ್ಲ. ಅದು ಪಿಟ್ಯುಟರಿಯ ಕೂಗು. ಥೈರಾಯ್ಡ್ ಸೊರಗಿದರೆ ಪಿಟ್ಯುಟರಿ ಜೋರಾಗಿ ಕೂಗುತ್ತದೆ, ಟಿಎಸ್‌ಎಚ್ ಏರುತ್ತದೆ. ಆದರೆ ಕೂಗಬೇಕಾದ ಪಿಟ್ಯುಟರಿಯನ್ನೇ ಗಡ್ಡೆ ಒತ್ತಿದ್ದರೆ? ಶಸ್ತ್ರಚಿಕಿತ್ಸೆಯಲ್ಲೋ ವಿಕಿರಣದಲ್ಲೋ ಅದಕ್ಕೆ ಪೆಟ್ಟಾಗಿದ್ದರೆ? ಥೈರಾಯ್ಡ್ ಮಂಕಾದರೂ ಕೂಗು ಏರುವುದಿಲ್ಲ. ಚೀಟಿಯಲ್ಲಿ ನಾರ್ಮಲ್ ಎಂದೇ ಬರಬಹುದು. ಇನ್ನೊಮ್ಮೆ ಹೇಳುತ್ತೇನೆ: ಪಿಟ್ಯುಟರಿ ಕಾಯಿಲೆ ಇದ್ದವರಲ್ಲಿ ಟಿಎಸ್‌ಎಚ್ ಒಂದನ್ನೇ ನಂಬಬಾರದು. ಜೊತೆಗೆ ಥೈರಾಯ್ಡಿನ ಹಾರ್ಮೋನನ್ನೇ ಅಳೆಯುವ ಫ್ರೀ ಟಿ-4 ನೋಡಲೇಬೇಕು.

ತರಬೇತಿಯ ದಿನಗಳಲ್ಲಿ ನಾನೂ ಅಂಥ ಚೀಟಿ ನೋಡಿ ಒಬ್ಬ ತಾಯಿಯನ್ನು “ಏನೂ ಇಲ್ಲ” ಎಂದು ಮನೆಗೆ ಕಳಿಸಿದ್ದೆ. ಏಪ್ರಿಲ್ ಬಿಸಿಲಲ್ಲಿ ಆಕೆ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಹಿರಿಯರೊಬ್ಬರು ಫ್ರೀ ಟಿ-4 ಮಾಡಿಸಿದಾಗ ಅದು ತೀರ ಕೆಳಗಿತ್ತು. ಆ ಸ್ವೆಟರನ್ನು ನಾನು ಇವತ್ತಿಗೂ ಮರೆತಿಲ್ಲ.

ಈ ಕೊರತೆಗೆ ಥೈರಾಯ್ಡ್ ಹಾರ್ಮೋನಿನ (ಥೈರಾಕ್ಸಿನ್) ಮಾತ್ರೆ ಶುರುವಾದ ಮೇಲೂ ಇದೇ ಎಡವಟ್ಟು. ಥೈರಾಕ್ಸಿನ್ ಸರಿಯಾಗಿಯೇ ಸಿಗುತ್ತಿರುತ್ತದೆ, ಟಿಎಸ್‌ಎಚ್ ಸೊನ್ನೆಯ ಹತ್ತಿರ ಇಳಿದಿರುತ್ತದೆ. ಅದನ್ನು ಕಂಡು ಗಾಬರಿಯಾಗಿ ಅರ್ಧ ಮಾತ್ರೆ ಮಾಡಿಕೊಳ್ಳುತ್ತಾರೆ. ಸುಸ್ತು ಮರಳಿ ಬರುತ್ತದೆ. ಇಂಥವರಲ್ಲಿ ಡೋಸ್ ನಿರ್ಧರಿಸುವುದು ಫ್ರೀ ಟಿ-4.

ಇದಕ್ಕೇ ಸಮಯವೆಲ್ಲ ಹೋಯಿತು. ಇನ್ನೊಂದನ್ನು ಹೇಳದೆ ಏಳಲಾರೆ. ಪಿಟ್ಯುಟರಿ ಸೋತಿದ್ದರೆ ಬಿಪಿ ಕಾಪಾಡುವ ಕಾರ್ಟಿಸಾಲ್ ಹಾರ್ಮೋನ್ ಕೂಡ ಕಡಿಮೆಯಾಗಿರಬಹುದು. ಹಾಗಿರುವಾಗ ಥೈರಾಕ್ಸಿನ್ ಮೊದಲು ನುಂಗಿದರೆ ಇದ್ದಷ್ಟು ಕಾರ್ಟಿಸಾಲೂ ಬೇಗ ಖರ್ಚಾಗಿ ಬಿಪಿ ಕುಸಿದು ಜೀವಕ್ಕೇ ಅಪಾಯ. ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಆಗಿದೆಯೇ ಎಂದು ನಿಮ್ಮ ವೈದ್ಯರನ್ನು ಬಾಯಿಬಿಟ್ಟು ಕೇಳಿ. ಕಡಿಮೆಯಿದ್ದರೆ ಮೊದಲು ಕಾರ್ಟಿಸಾಲಿನ ಬದಲಿಗೆ ಕೊಡುವ ಸ್ಟಿರಾಯ್ಡ್, ಆಮೇಲೆ ಥೈರಾಕ್ಸಿನ್.