ನಿಯಮ ಬಂದರೂ ಇಂಗ್ಲಿಷ್ ಏಕೆ ಬಾರದು?



ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ಹುಡುಗನನ್ನು ಇಂಗ್ಲಿಷಿನ ವರ್ತಮಾನಕಾಲದ ನಿಯಮ ಏನೆಂದು ಕೇಳಿದರೆ ಅವನು ತಡವರಿಸದೆ ಹೇಳುತ್ತಾನೆ: ಕರ್ತೃಪದ ಥರ್ಡ್ ಪರ್ಸನ್ ಸಿಂಗ್ಯುಲರ್ ಆಗಿದ್ದರೆ ಕ್ರಿಯಾಪದಕ್ಕೆ 'ಎಸ್' ಸೇರಿಸಬೇಕು. ಮರುಕ್ಷಣವೇ 'ನಿನ್ನ ಅಣ್ಣ ಏನು ಮಾಡುತ್ತಾನೆ?' ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಬರುವ ಉತ್ತರ 'ಹಿ ವರ್ಕ್ ಇನ್ ಗ್ಯಾರೇಜ್' ಎಂದು. 'ಎಸ್' ಇಲ್ಲ, 'ಎ' ಇಲ್ಲ. ನಿಯಮ ಬಾಯಲ್ಲಿದೆ, ಮಾತಿನಲ್ಲಿಲ್ಲ.

ಶಿಕ್ಷಕರು ಇದನ್ನು ಅಲಕ್ಷ್ಯವೆಂದು ಭಾವಿಸುತ್ತಾರೆ. ಹುಡುಗ ತನ್ನ ತಲೆಗೆ ಇಂಗ್ಲಿಷ್ ಹತ್ತುವುದಿಲ್ಲವೆಂದು ತೀರ್ಮಾನಿಸಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಬಾಯಿ ಮುಚ್ಚಿಕೊಂಡವನು ತಪ್ಪು ಮಾಡುವುದಿಲ್ಲ ನಿಜ, ಆದರೆ ಕಲಿಯುವುದೂ ಇಲ್ಲ. ಪದವಿ ಮುಗಿಸಿ ಕೆಲಸದ ಸಂದರ್ಶನಕ್ಕೆ ಹೋದಾಗಲೂ ಆ ಮೌನ ಅವನ ಜೊತೆಯಲ್ಲೇ ಹೋಗುತ್ತದೆ. ಆದುದರಿಂದ ವ್ಯಾಕರಣದ ನಿಯಮ ತಿಳಿಯುವುದು ಮತ್ತು ಭಾಷೆ ಬರುವುದು ಎರಡೂ ಒಂದೆಯೇ ಎಂಬ ಪ್ರಶ್ನೆ ಕೇವಲ ಪಂಡಿತರ ಪ್ರಶ್ನೆಯಲ್ಲ.

ಮೊದಲು ಇಂಗ್ಲಿಷ್ ವ್ಯಾಕರಣದ ಇತಿಹಾಸವನ್ನು ಸ್ವಲ್ಪ ನೋಡಬೇಕು. ರಾಬರ್ಟ್ ಲೌತ್ ತನ್ನ ಕಿರು ವ್ಯಾಕರಣವನ್ನು ಪ್ರಕಟಿಸಿದ್ದು 1762ರಲ್ಲಿ, ಲಿಂಡ್ಲೆ ಮರ್ರೆಯ ಪ್ರಸಿದ್ಧ ವ್ಯಾಕರಣ ಬಂದದ್ದು 1795ರಲ್ಲಿ. ಇವರು ಬರೆದದ್ದು ಇಂಗ್ಲಿಷನ್ನು ತಾಯಿಯ ಮಡಿಲಲ್ಲೇ ಕಲಿತವರಿಗಾಗಿ. ಮಾತು ಬರುವ ಮಕ್ಕಳಿಗೆ ಶಿಷ್ಟವಾಗಿ ಬರೆಯುವುದನ್ನು ಕಲಿಸುವುದು ಅವುಗಳ ಉದ್ದೇಶ. ಅಚ್ಚು ಲ್ಯಾಟಿನ್ ಭಾಷೆಯದು, ಪದವರ್ಗಗಳ ವಿಂಗಡಣೆಯೂ ಹೆಚ್ಚಾಗಿ ಅಲ್ಲಿಂದಲೇ ಬಂತು. ಕನ್ನಡದ ಶಾಲಾ ವ್ಯಾಕರಣಗಳು ಸಂಸ್ಕೃತದ ಅಚ್ಚಿನಲ್ಲಿ ತಯಾರಾದವು ಎಂದು ಡಿ.ಎನ್. ಶಂಕರ ಭಟ್ಟರು ಎತ್ತಿದ ಆಕ್ಷೇಪ ಇದಕ್ಕೆ ಸಮಾನವಾದದ್ದೇ.

ಕನ್ನಡದಲ್ಲಿಯೂ ಎರಡು ಬಗೆಯ ವ್ಯಾಕರಣಗಳಿವೆ. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ' ಬರೆದದ್ದು ಕನ್ನಡ ಬಲ್ಲವರಿಗೆ. ಅದನ್ನು ಓದಿ ಯಾರೂ ಕನ್ನಡ ಮಾತನಾಡಲು ಕಲಿತಿಲ್ಲ. ಆದರೆ 1817ರಲ್ಲಿ ಪ್ರಕಟವಾದ ವಿಲಿಯಂ ಕೇರಿಯ ವ್ಯಾಕರಣ ಕನ್ನಡ ಬಾರದ ಪರದೇಶಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದದ್ದು. ಬಲ್ಲವನಿಗೆ ಬೇಕಾದ ವ್ಯಾಕರಣವೇ ಬೇರೆ, ಬಾರದವನಿಗೆ ಬೇಕಾದ ವ್ಯಾಕರಣವೇ ಬೇರೆ. ಭಾರತದ ಶಾಲೆಗಳಿಗೆ ಇಂಗ್ಲಿಷ್ ಬಂದಾಗ ಅದರ ಜೊತೆಯಲ್ಲಿ ಬಂದದ್ದು ಬಹುಮಟ್ಟಿಗೆ ಮೊದಲನೆಯ ಬಗೆಯದು.

ಮೆಕಾಲೆಯ ಟಿಪ್ಪಣಿ 1835ರದು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಮೆಟ್ರಿಕ್ಯುಲೇಷನ್ ಪರೀಕ್ಷೆ ಬಂತು, ಅದರೊಡನೆ ಸರಕಾರಿ ನೌಕರಿಯ ಆಸೆಯೂ ಬಂತು. ಮಾತನಾಡುವ ಶಕ್ತಿಯನ್ನು ಸಾವಿರಾರು ಮಂದಿಯಲ್ಲಿ ಪರೀಕ್ಷಿಸುವುದು ಕಷ್ಟ. ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ವಾಯ್ಸಿಗೆ ಬದಲಾಯಿಸಿದ್ದಾನೆಯೇ ಎಂದು ನೋಡಿ ಅಂಕ ಕೊಡುವುದು ಸುಲಭ. ವ್ಯಾಕರಣ ಶಾಲೆಯಲ್ಲಿ ಭದ್ರವಾಗಿ ನೆಲೆಯೂರಿದ್ದಕ್ಕೆ ಈ ಅನುಕೂಲವೂ ಒಂದು ಕಾರಣ. 19ನೆಯ ಶತಮಾನದ ಕೊನೆಯಲ್ಲಿ ಇಲ್ಲಿನ ಶಿಕ್ಷಣ ಇಲಾಖೆಯಲ್ಲಿದ್ದ ನೆಸ್‌ಫೀಲ್ಡನ ವ್ಯಾಕರಣ ಮನೆಮಾತಾಯಿತು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಬಂದರು. ಈ ರೆನ್ ಸಾಹಸ ಕಾದಂಬರಿ 'ಬೋ ಜೆಸ್ಟ್' ಬರೆದ ಪಿ.ಸಿ. ರೆನ್. ಆತನ ಕಾದಂಬರಿಗಳನ್ನು ಓದುವವರು ಈಗ ಕಡಿಮೆ. ಆದರೆ ಎನ್.ಡಿ.ವಿ. ಪ್ರಸಾದ ರಾವ್ ಅವರು ಪರಿಷ್ಕರಿಸಿದ ರೂಪದಲ್ಲಿ ಆ ವ್ಯಾಕರಣ ಇಂದಿಗೂ ಪುಸ್ತಕದಂಗಡಿಗಳಲ್ಲಿ ಮಾರಾಟವಾಗುತ್ತಿದೆ.

ಸ್ವಾತಂತ್ರ್ಯಾನಂತರ ಒಂದು ಬದಲಾವಣೆ ಬಂತು. ನಿಯಮ ಹೇಳುವುದನ್ನು ಬಿಟ್ಟು, ವಾಕ್ಯದ ಮಾದರಿಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಒಂದೊಂದನ್ನೇ ಹತ್ತಾರು ಸಲ ಹೇಳಿಸುವ ಪದ್ಧತಿ ಅದು. 'ದಿಸ್ ಈಸ್ ಎ ಪೆನ್' ಎಂದು ಇಡೀ ತರಗತಿ ಒಂದೇ ಸ್ವರದಲ್ಲಿ ಕೂಗಿದ್ದು ಕೇಳುಗರಲ್ಲಿ ಹಲವರಿಗೆ ನೆನಪಿರಬಹುದು. ಹೈದರಾಬಾದಿನಲ್ಲಿ 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್, ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾದವು. ಆದರೆ ಪೆನ್ನನ್ನು ಕಣ್ಣೆದುರು ಹಿಡಿದುಕೊಂಡು ಇದು ಪೆನ್ನು ಎಂದು ಹೇಳುವ ಅಗತ್ಯ ಯಾರಿಗೂ ಬೀಳುವುದಿಲ್ಲ. ತರಗತಿಯಲ್ಲಿ ತಪ್ಪಿಲ್ಲದೆ ಹೇಳಿದ ವಾಕ್ಯ ಹೊರಗೆ ಬೇಕಾದಾಗ ಒದಗಲಿಲ್ಲ.

ಇನ್ನು ತಪ್ಪುಗಳ ಕಡೆಗೆ ಬರೋಣ. ಕನ್ನಡಿಗರು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳನ್ನು ಪಟ್ಟಿ ಮಾಡಿದರೆ ಅವು ಅಡ್ಡಾದಿಡ್ಡಿಯಾಗಿಲ್ಲ ಎಂಬುದು ಗೊತ್ತಾಗುತ್ತದೆ. 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್' ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಅದರ ಹಿಂದೆ 'ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ' ಎಂಬ ಶುದ್ಧ ಕನ್ನಡ ವಾಕ್ಯವಿದೆ. ಕನ್ನಡದ 'ಇಂದ' ಪ್ರತ್ಯಯ ಆರಂಭದ ಕಾಲಕ್ಕೂ ಕಾಲದ ಅವಧಿಗೂ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಸಿನ್ಸ್', ಎರಡನೆಯದಕ್ಕೆ 'ಫಾರ್'. ಕನ್ನಡಕ್ಕೆ 'ಮಾಡುತ್ತಿದ್ದೇನೆ' ಸಾಕಾದರೆ ಇಂಗ್ಲಿಷಿಗೆ 'ಹ್ಯಾವ್ ಬೀನ್ ವರ್ಕಿಂಗ್' ಬೇಕು. 'ನೀನು ಊಟ ಮಾಡಿಲ್ಲವೇ?' ಎಂದರೆ ಕನ್ನಡದಲ್ಲಿ 'ಹೌದು, ಮಾಡಿಲ್ಲ' ಎನ್ನಬಹುದು. ಇಂಗ್ಲಿಷಿನಲ್ಲಿ ಅಲ್ಲಿ 'ನೋ' ಬರಬೇಕು. ಯಾವ ವಾಕ್ಯದ ಕೊನೆಗಾದರೂ 'ಇಸಿಂಟ್ ಇಟ್' ಎಂದು ಸೇರಿಸುವುದರ ಹಿಂದೆ, ಯಾವ ವಾಕ್ಯಕ್ಕಾದರೂ ಹೊಂದುವ 'ಅಲ್ಲವೇ' ಇದೆ.

'ಎ' ಮತ್ತು 'ದಿ'ಗಳ ಕಾಟ ಎಲ್ಲರಿಗೂ ಗೊತ್ತು. ಕನ್ನಡದಲ್ಲಿ ಇವು ಇಲ್ಲ ಎಂದು ಹೇಳಿ ಮುಗಿಸುವುದು ವಾಡಿಕೆ. ಪದಗಳು ಇಲ್ಲ, ಆದರೆ ಆ ಭೇದ ಇಲ್ಲದಿಲ್ಲ. 'ಅಂಗಡಿಯಿಂದ ಪುಸ್ತಕ ತಂದೆ' ಎನ್ನುವುದಕ್ಕೂ 'ಅಂಗಡಿಯಿಂದ ಪುಸ್ತಕವನ್ನು ತಂದೆ' ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಕೇಳುಗರು ತಾವೇ ಪರೀಕ್ಷಿಸಿ ನೋಡಬಹುದು. ಎರಡನೆಯ ವಾಕ್ಯ ಕೇಳಿದಾಗ ಯಾವುದೋ ಗೊತ್ತಿರುವ ಪುಸ್ತಕದ ಕಡೆಗೆ ಮನಸ್ಸು ವಾಲುತ್ತದೆ. ಇಂಗ್ಲಿಷ್ 'ದಿ' ಎಂಬ ಪದದಿಂದ ಮಾಡುವ ಕೆಲಸದ ಒಂದು ಪಾಲನ್ನು ಇಲ್ಲಿ 'ಅನ್ನು' ಪ್ರತ್ಯಯ ಮಾಡುತ್ತಿದೆ. ಹೀಗೆ ತೋರಿಸಿಕೊಟ್ಟರೆ ಹೊಸ ನಿಯಮ ಆಕಾಶದಿಂದ ಇಳಿದು ಬಂದಂತೆ ಅನ್ನಿಸುವುದಿಲ್ಲ.

ಪರಿಭಾಷೆಯೂ ಗೊಂದಲ ಹುಟ್ಟಿಸುತ್ತದೆ. 'ಅವನು' ಎಂಬುದನ್ನು ಸಾಂಪ್ರದಾಯಿಕ ಕನ್ನಡ ವ್ಯಾಕರಣ 'ಪ್ರಥಮ ಪುರುಷ' ಎನ್ನುತ್ತದೆ, ಮುಂದಿನ ಪೀರಿಯಡ್ಡಿನ ಇಂಗ್ಲಿಷ್ ಪಾಠದಲ್ಲಿ ಅದು 'ಥರ್ಡ್ ಪರ್ಸನ್'. ಒಂದು ಕಡೆ ಒಂದನೆಯದು ಇನ್ನೊಂದು ಕಡೆ ಮೂರನೆಯದು. ಎರಡೂ ಪಾಠಗಳನ್ನು ಮಾಡುವ ಶಿಕ್ಷಕರು ಒಟ್ಟಿಗೆ ಕುಳಿತು ಮಾತನಾಡಿದರೆ ಬಗೆಹರಿಯುವ ವಿಷಯ ಇದು.

ಎಲ್ಲ ತಪ್ಪುಗಳೂ ಕನ್ನಡದಿಂದಲೇ ಬರುವುದಿಲ್ಲ ಎಂಬುದನ್ನೂ ಹೇಳಬೇಕು. 'ಕೇಮ್' ಎನ್ನುವ ಬದಲು 'ಕಮ್ಡ್' ಎನ್ನುವ ಮಗು ಇಂಗ್ಲೆಂಡಿನಲ್ಲಿಯೂ ಇದೆ, ಇಲ್ಲಿಯೂ ಇದೆ. ಅದು ಯಾರಿಂದಲೂ ಕೇಳಿ ಕಲಿತದ್ದಲ್ಲ, ಮಗು ತಾನೇ ನಿಯಮವೊಂದನ್ನು ಊಹಿಸಿಕೊಂಡಿದೆ. ಕಲಿಯುವವರ ತಪ್ಪುಗಳು ಕಲಿಕೆಯ ಸಾಕ್ಷಿಗಳು ಎಂದು ಪಿಟ್ ಕಾರ್ಡರ್ 1967ರಲ್ಲಿ ಬರೆದ ಲೇಖನ ಭಾಷಾಶಿಕ್ಷಣದಲ್ಲಿ ಹೊಸ ದಾರಿ ತೆರೆಯಿತು. 1974ರಲ್ಲಿ ಡುಲೇ ಮತ್ತು ಬರ್ಟ್ ಎಂಬ ಸಂಶೋಧಕರು ಸ್ಪ್ಯಾನಿಷ್ ಮಾತನಾಡುವ ಮಕ್ಕಳನ್ನೂ ಚೀನೀ ಮಾತನಾಡುವ ಮಕ್ಕಳನ್ನೂ ಹೋಲಿಸಿದರು. ಇಂಗ್ಲಿಷಿನ ಪ್ರತ್ಯಯಗಳನ್ನು ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಕಲಿಯುವುದು ಕಂಡುಬಂತು. ಕ್ರಿಯಾಪದದ 'ಎಸ್' ತಡವಾಗಿ ಕೈಗೂಡುವ ಅಂಶಗಳಲ್ಲಿ ಒಂದು. ಕನ್ನಡದ ಮಗು ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತಾಳೆ ಎಂದು ಎಷ್ಟೋ ರೂಪಗಳನ್ನು ಸಲೀಸಾಗಿ ಆಡುತ್ತದೆ. ಅಂಥ ಮಗುವಿಗೆ ಒಂದು 'ಎಸ್' ಹಿಡಿಯುವ ಬುದ್ಧಿ ಇಲ್ಲ ಎನ್ನಲಾಗದು. 'ಹಿ' ಎಂದಾಗಲೇ ಯಾರೆಂಬುದು ತಿಳಿದುಹೋಗಿರುವುದರಿಂದ 'ಎಸ್' ಅರ್ಥಕ್ಕೆ ಹೆಚ್ಚೇನೂ ಕೂಡಿಸುವುದಿಲ್ಲ, ಆದ್ದರಿಂದ ಕಿವಿಗೂ ಬೀಳುವುದಿಲ್ಲ. ಪುಸ್ತಕದ ಮೊದಲ ಪುಟಗಳಲ್ಲಿ ಕಲಿಸಿದ್ದು ಕಲಿಕೆಯ ಕೊನೆಯ ಹಂತದಲ್ಲಿ ಬರುತ್ತದೆ.

ಇಂಥ ಪ್ರಶ್ನೆಗಳನ್ನು ನೇರವಾಗಿ ತರಗತಿಯಲ್ಲೇ ಪರೀಕ್ಷಿಸಿದ ಪ್ರಯೋಗವೊಂದು ನಡೆದದ್ದು ದಕ್ಷಿಣ ಭಾರತದಲ್ಲೇ. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ 1979ರಿಂದ 1984ರವರೆಗೆ ನಡೆಸಿದ ಅದು ಲೋಕದ ಭಾಷಾಶಿಕ್ಷಕರಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ಪ್ರಭು ಅವರ ವಾದ ಸರಳವಾಗಿತ್ತು. ಮನಸ್ಸು ಅರ್ಥದಲ್ಲಿ ಮಗ್ನವಾಗಿರುವಾಗಲೇ ವ್ಯಾಕರಣ ಒಳಗೊಳಗೇ ಬೆಳೆಯುತ್ತದೆ. ಆದ್ದರಿಂದ ಪಾಠದಲ್ಲಿ ವ್ಯಾಕರಣವಿರಲಿಲ್ಲ, ವಾಕ್ಯಗಳ ಪುನರಾವರ್ತನೆಯೂ ಇರಲಿಲ್ಲ. ಬಿಡಿಸಬೇಕಾದ ಸಮಸ್ಯೆಗಳಿದ್ದವು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ತರಗತಿಯ ಟೈಮ್ ಟೇಬಲ್ ಇಂಥವನ್ನು ಮುಂದಿಟ್ಟು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು. ಉದಾಹರಣೆಗೆ, ಹನ್ನೊಂದು ಗಂಟೆಗೆ ಮೈಸೂರಿನಲ್ಲಿ ಇರಬೇಕಾದವನು ಬೆಂಗಳೂರಿನಿಂದ ಯಾವ ರೈಲು ಹಿಡಿಯಬೇಕು? ಮೊದಲು ಶಿಕ್ಷಕರು ಇಡೀ ತರಗತಿಯೊಡನೆ ಒಂದು ಸಮಸ್ಯೆಯನ್ನು ಬಿಡಿಸುವರು, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಅರ್ಧದಷ್ಟು ಮಕ್ಕಳಿಗೆ ಅರ್ಧದಷ್ಟಾದರೂ ಬಿಡಿಸಲು ಬಂದರೆ ಸಮಸ್ಯೆ ಹದವಾಗಿದೆ ಎಂದು ಲೆಕ್ಕ. ತಪ್ಪು ಮಾತನಾಡಿದರೆ ಶಿಕ್ಷಕರು ಸಹಜವಾಗಿ ಸರಿಯಾದ ರೂಪದಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು, ಅದರ ಮೇಲೆ ಪಾಠ ನಡೆಯುತ್ತಿರಲಿಲ್ಲ.

ಫಲಿತಾಂಶವನ್ನು ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಎಂಬ ಹೊರಗಿನ ಪರೀಕ್ಷಕರು ಪರಿಶೀಲಿಸಿ 1985ರಲ್ಲಿ ಪ್ರಕಟಿಸಿದರು. ವಾಕ್ಯಮಾದರಿಗಳ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು, ಸಮಸ್ಯೆ ಬಿಡಿಸುವುದರಲ್ಲಿ ಪ್ರಯೋಗದ ಮಕ್ಕಳು. ಯಾರಿಗೆ ಯಾವುದನ್ನು ಕಲಿಸಿತ್ತೋ ಅದು ಅವರಿಗೆ ಬಂದಿತ್ತು. ಆದರೆ ಸಂದರ್ಭದೊಳಗೆ ವ್ಯಾಕರಣವನ್ನು ಬಳಸಬೇಕಾದ ಪರೀಕ್ಷೆಯಲ್ಲಿ ವ್ಯಾಕರಣದ ಪಾಠವೇ ಇಲ್ಲದ ಪ್ರಯೋಗದ ಮಕ್ಕಳಿಗೆ ಒಟ್ಟಾರೆ ಮೇಲುಗೈಯಾಯಿತು. ಇದರಿಂದಲೇ ಎಲ್ಲವೂ ಸಿದ್ಧವಾಯಿತೆಂದು ಪರೀಕ್ಷಕರು ಹೇಳಲಿಲ್ಲ, ಎಚ್ಚರಿಕೆಯ ಬೆಂಬಲ ಮಾತ್ರ ಕೊಟ್ಟರು. 1987ರಲ್ಲಿ ಪ್ರಭು ಅವರ ಪುಸ್ತಕ ಪ್ರಕಟವಾದ ಮೇಲೆ ಈ ಪ್ರಯೋಗ ಅನೇಕ ದೇಶಗಳಲ್ಲಿ ಚರ್ಚೆಯ ವಿಷಯವಾಯಿತು. ಪರೀಕ್ಷೆಯ ಅಂಕಕ್ಕೆ ಕಟ್ಟುಬಿದ್ದ ಇಲ್ಲಿನ ಶಾಲೆಗಳಲ್ಲಿ ಅದು ಅಷ್ಟು ಬೇರೂರಲಿಲ್ಲ.

ಹಾಗಾದರೆ ವ್ಯಾಕರಣವನ್ನು ಕೈಬಿಡಬೇಕೇ? ಬೇಡ. 2000ದಲ್ಲಿ ನಾರಿಸ್ ಮತ್ತು ಒರ್ಟೆಗಾ ಅವರು 49 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಿಯಮವನ್ನು ಸ್ಪಷ್ಟವಾಗಿ ವಿವರಿಸಿ ಕಲಿಸುವುದರಿಂದ ಪ್ರಯೋಜನವಿದೆ ಎಂದೇ ಕಂಡುಬಂತು. ಆ ಪ್ರಯೋಜನವನ್ನು ಅಳೆದ ಪರೀಕ್ಷೆಗಳಲ್ಲಿ ಹೆಚ್ಚಿನವು ನಿಯಮ ಬಲ್ಲವರಿಗೇ ಅನುಕೂಲವಾದವು ಎಂಬುದನ್ನೂ ಅವರು ಮರೆಮಾಚಲಿಲ್ಲ. ನಿಯಮ ತಿಳಿದವನಿಗೆ ಓದುವಾಗ, ಕೇಳುವಾಗ ಆ ರೂಪ ಕಣ್ಣಿಗೆ, ಕಿವಿಗೆ ಬೀಳುತ್ತದೆ. ಬರೆದದ್ದನ್ನು ತಿದ್ದಿಕೊಳ್ಳಲೂ ಬರುತ್ತದೆ. ಮನೆಯಲ್ಲಿ, ಬೀದಿಯಲ್ಲಿ ಇಂಗ್ಲಿಷ್ ಕೇಳಸಿಗದ ಹಳ್ಳಿಯ ಮಗುವಿಗೆ ಈ ಸಹಾಯ ಹೆಚ್ಚೇ ಬೇಕು. ಆದರೆ ಅದು ಊರುಗೋಲು. ಊರುಗೋಲನ್ನು ಕೊಟ್ಟು ನಡೆಯಲು ಬಿಡದಿದ್ದರೆ ಕಾಲು ಬಲಿಯುವುದಿಲ್ಲ.

ಶಿಕ್ಷಕರಿಗೆ ಇದರಿಂದ ದೊರೆಯುವ ಪಾಠ ದೊಡ್ಡ ಖರ್ಚಿನದಲ್ಲ. ಮಗು ಹೇಳಲು ಹೊರಟ ಸಂಗತಿಯನ್ನು ಮೊದಲು ಕೇಳಬೇಕು, ವ್ಯಾಕರಣವನ್ನು ಆಮೇಲೆ ನೋಡಬೇಕು. ಒಂದು ಸಲಕ್ಕೆ ಒಂದೇ ತಪ್ಪನ್ನು ತಿದ್ದಿದರೆ ಸಾಕು, ಪುಟವನ್ನೆಲ್ಲ ಕೆಂಪು ಮಾಡಬೇಕಿಲ್ಲ. ಹತ್ತು ವಾಕ್ಯಗಳಲ್ಲಿ ಕಂಡ ರೂಪದ ನಿಯಮವನ್ನು ಮಕ್ಕಳಿಂದಲೇ ಹೇಳಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಇಂಗ್ಲಿಷ್ ಪಾಠದಲ್ಲಿ ಕನ್ನಡ ಬಂದರೆ ಅಪಚಾರವೆಂದು ತಿಳಿಯಬಾರದು. ಮಗುವಿನ ವಾಕ್ಯ ಏಕೆ ಹಾಗಾಯಿತು ಎಂಬುದನ್ನು ಇಂಗ್ಲೆಂಡಿನಿಂದ ಬಂದ ಪಂಡಿತನಿಗಿಂತ ಚೆನ್ನಾಗಿ ಬಲ್ಲವರು ಕನ್ನಡ ಬಲ್ಲ ಶಿಕ್ಷಕರು. ಆ ಜ್ಞಾನ ಅವರಲ್ಲಿ ಈಗಾಗಲೇ ಇದೆ, ಬಳಕೆಯಾಗುತ್ತಿಲ್ಲ ಅಷ್ಟೆ.

ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಬೇಗ ಆರಂಭಿಸಿದ ಮಾತ್ರಕ್ಕೆ ಭಾಷೆ ಬೇಗ ಬಂದುಬಿಡುವುದಿಲ್ಲ. ಕಲಿಸುವ ರೀತಿ ಬದಲಾಗದಿದ್ದರೆ ಹೆಚ್ಚುವುದು ವರ್ಷಗಳು ಮಾತ್ರ. ಯಾವುದೋ ಒಂದು ಪದ್ಧತಿಯೇ ಶ್ರೇಷ್ಠವೆಂಬುದಿಲ್ಲ, ತನ್ನ ಪಾಠದಿಂದ ಕಲಿಕೆ ಹೇಗೆ ಆಗುತ್ತಿದೆ ಎಂಬ ಅರಿವು ಶಿಕ್ಷಕನಲ್ಲಿ ಜೀವಂತವಾಗಿರಬೇಕು ಎಂದು ಪ್ರಭು ಅವರು 1990ರ ಲೇಖನವೊಂದರಲ್ಲಿ ವಾದಿಸಿದರು. ಮಗುವಿನ ತಪ್ಪು ವಾಕ್ಯವನ್ನು ಕೇಳಿದಾಗ 'ಎಷ್ಟು ಸಲ ಹೇಳಿಕೊಟ್ಟಿದ್ದೇನೆ' ಎನ್ನುವ ಬದಲು 'ಇದು ಹೀಗೇಕೆ ಬಂತು' ಎಂದು ಯೋಚಿಸಿದರೆ ಆ ಅರಿವು ಅಲ್ಲಿಂದ ಮೊದಲಾಗುತ್ತದೆ.