ಗುಡ್ಡದ ಮೇಲಿನ ವಿಶ್ವವಿದ್ಯಾಲಯ, ಗುಡ್ಡದ ಕೆಳಗಿನ ಮಕ್ಕಳು

(ಕಾಪುವಿನಲ್ಲಿ ಪೋಷಕರ ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಉಡುಪಿಯಿಂದ ಕಾರ್ಕಳದ ಬಸ್ಸು ಹತ್ತಿದರೆ ಮಣಿಪಾಲದ ಟೈಗರ್ ಸರ್ಕಲ್ ಸಿಗುತ್ತದೆ. ಕಿಟಕಿಯಿಂದ ಒಮ್ಮೆ ನೋಡಿ. ದೆಹಲಿ, ಕೋಲ್ಕತ್ತಾ, ಹೈದರಾಬಾದಿನ ಹುಡುಗ ಹುಡುಗಿಯರು ಪುಸ್ತಕದ ಚೀಲ ಹೊತ್ತು ನಗುತ್ತಾ ನಡೆಯುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಓದಲು ಬಂದವರು ನಮ್ಮ ಅತಿಥಿಗಳು. ನನ್ನ ಪ್ರಶ್ನೆ ಬೇರೆ. ಆ ಗುಂಪಿನಲ್ಲಿ ಕಟಪಾಡಿಯ, ಹಿರಿಯಡಕದ, ಬಜಗೋಳಿಯ ಕನ್ನಡ ಶಾಲೆಯ ಮಕ್ಕಳೆಷ್ಟು?

ಬೋಳು ಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಕಟ್ಟಿದವರು ನಮ್ಮವರೇ ಆದ ಡಾ. ಟಿ.ಎಂ.ಎ. ಪೈ. ಆ ಸಾಹಸಕ್ಕೆ ಕೈಮುಗಿಯೋಣ. ಆದರೆ 1993ರಲ್ಲಿ ಮಣಿಪಾಲ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಾರ್ಕಳ ಕ್ಷೇತ್ರದ ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿ ಸಿಇಟಿ ತಂದರು. ಹಣವಿದ್ದವನಿಗಲ್ಲ, ಅಂಕವಿದ್ದವನಿಗೆ ಸೀಟು ಎಂಬ ಸರದಿಯ ಸಾಲು ಅದು. ವಿಚಿತ್ರ ನೋಡಿ! ಕಾರ್ಕಳದವರು ಇಡೀ ರಾಜ್ಯಕ್ಕೆ ಒಂದು ಸಾಲು ಹಾಕಿಕೊಟ್ಟರು; ಕಾರ್ಕಳದ ಪಕ್ಕದ ಮಣಿಪಾಲ ಬೇರೆ ಸಾಲಿನ ದಾರಿ ಹಿಡಿಯಿತು.

ಸಿಇಟಿಯ ಸಾಲಿನಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು. ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15. ಮಣಿಪಾಲದ ಇಂಜಿನಿಯರಿಂಗಿಗೆ ಎಂಇಟಿ ಎಂಬ ಬೇರೆಯೇ ಪರೀಕ್ಷೆ. ಅದರಲ್ಲಿ ಗಣಿತ, ಭೌತ, ರಸಾಯನಗಳ ಜೊತೆ ಇಂಗ್ಲಿಷ್ ಭಾಷೆಯ ಪ್ರಶ್ನೆಗಳೂ ಉಂಟು. ಕನ್ನಡದ್ದು? ಒಂದೂ ಇಲ್ಲ! ನೀಟ್ 2017ರಿಂದ ಕನ್ನಡದಲ್ಲಿದೆ, ಜೆಇಇ ಮೈನ್ 2021ರಿಂದ ಕನ್ನಡದಲ್ಲಿದೆ. ದೆಹಲಿಯವರೇ ಕನ್ನಡದ ಪ್ರಶ್ನೆಪತ್ರಿಕೆ ಕೊಡುವಾಗ ಉಡುಪಿ ಜಿಲ್ಲೆಯ ಗುಡ್ಡದ ಮೇಲೆ ಕೇಳಲು ನಾವೇಕೆ ಹಿಂಜರಿಯಬೇಕು? ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗುವವರು ಕನ್ನಡ, ತುಳು, ಕೊಂಕಣಿ ಮಾತಾಡುವ ನಮ್ಮ ಜನ. ಅದಕ್ಕೇ 2019ರ ಹೊಸ ಪಠ್ಯಕ್ರಮ ಎಂಬಿಬಿಎಸ್ ಸೇರಿದವರಿಗೆ ಮೊದಲ ತಿಂಗಳಲ್ಲೇ ಸ್ಥಳೀಯ ಭಾಷೆ ಕಲಿಸಲು ಹೇಳಿತು. ಆ ಭಾಷೆಯನ್ನು ಹುಟ್ಟಿನಿಂದಲೇ ಬಲ್ಲ ಮಗುವಿಗೆ ಮಾತ್ರ ಬಾಗಿಲಲ್ಲಿ ಒಂದು ಅಂಕವೂ ಇಲ್ಲ.

ಕನ್ನಡ ಮಾಧ್ಯಮದವರಿಗೆ ವಿಜ್ಞಾನ ಹತ್ತದು ಎನ್ನುವವರಿಗೆ ಇಲ್ಲೇ ಕಾಪು ಸೀಮೆಯ ಅದಮಾರು ತೋರಿಸಿ. 1932ರಲ್ಲಿ ಅಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲಿ ಅಕ್ಷರ ಕಲಿತ ಯು.ಆರ್. ರಾವ್ ಅವರೇ 1975ರಲ್ಲಿ ಆರ್ಯಭಟ ಉಪಗ್ರಹ ಮಾಡಿದ ತಂಡದ ಮುಂದಾಳು. ಪಿಯುಸಿಯ ಮೊದಲ ಮೂರು ತಿಂಗಳು ಕಷ್ಟ, ನಿಜ. ದ್ಯುತಿಸಂಶ್ಲೇಷಣೆ ಎಂದು ಅರ್ಥಮಾಡಿಕೊಂಡ ಮಗುವಿಗೆ ಫೋಟೋಸಿಂಥೆಸಿಸ್ ಎಂದರೆ ಬೇರೇನೋ ಎಂದು ಗಾಬರಿಯಾಗುತ್ತದೆ. ವಿಷಯ ಗೊತ್ತಿದ್ದೂ ಬಾಯಿ ಕಟ್ಟುತ್ತದೆ. ಎರಡೂ ಒಂದೇ ಎಂದು ಪಕ್ಕದಲ್ಲಿ ಕುಳಿತು ಹೇಳುವವರೊಬ್ಬರು ಬೇಕು, ಅಷ್ಟೇ.

ಈಗ ನನ್ನ ತಪ್ಪು ಹೇಳುತ್ತೇನೆ. ವೇದಿಕೆ ಮೇಲೆ ಕನ್ನಡ ಕನ್ನಡ ಎಂದು ಕೂಗುವ ನಾನೇ ನನ್ನ ಮಗಳನ್ನು ಎಂಟನೇ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆ. ಎಲ್ಲರೂ ಹಾಕಿದರು, ನಾನೂ ಹಾಕಿದೆ. ಸಿಇಟಿ ಅರ್ಜಿ ತುಂಬುವಾಗ ಕನ್ನಡ ಮಾಧ್ಯಮದ ಅಂಕಣ ಬಂತು. ಏಳು ವರ್ಷ ಕನ್ನಡದಲ್ಲಿ ಓದಿದ್ದು ಲೆಕ್ಕಕ್ಕೇ ಬರಲಿಲ್ಲ. ಹತ್ತು ಎಂದರೆ ಹತ್ತೇ. ಅವಳು ಏನೂ ಹೇಳಲಿಲ್ಲ. ‘ಅಪ್ಪಾ, ಇದು ಖಾಲಿ ಬಿಡಲಾ?’ ಎಂದು ಕೇಳಿದಳು ಅಷ್ಟೇ.

ಏಳನೇ ತರಗತಿಯ ಮಕ್ಕಳಿರುವ ಮನೆಯವರು ಈ ಜೂನ್ ತಿಂಗಳಿಗೆ ಮೊದಲು ಯೋಚಿಸಿ. ಹತ್ತು ಮುಗಿಸಿದವರು ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಇರುವ ವ್ಯಾಸಂಗ ಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಕೌನ್ಸೆಲಿಂಗಿನ ಹಿಂದಿನ ದಿನ ಓಡಬೇಡಿ. ಮಣಿಪಾಲದಲ್ಲಿ ಕನ್ನಡ ಪ್ರಶ್ನೆಪತ್ರಿಕೆ, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಸೀಟು ಕೇಳುವ ಮನವಿ ಬಾಗಿಲ ಬಳಿಯ ಮೇಜಿನ ಮೇಲಿದೆ. ವ್ಯಾಸಂಗ ಪತ್ರದ ನಮೂನೆಯೂ ಅಲ್ಲೇ ಇದೆ. ಮನೆಗೊಂದು ತೆಗೆದುಕೊಳ್ಳಿ.