ಅರೆಸ್ಟ್ ಆದದ್ದು ಗೊತ್ತು, ಆಮೇಲೆ ಏನಾಯ್ತು?

ಅಕ್ಕಿಆಲೂರಿನಿಂದ ಮಾತಾಡ್ತಾ ಇದ್ದೀನಿ. ಹಾನಗಲ್ಲಿಗೋ ಹಾವೇರಿಗೋ ಬಸ್ಸಿನಲ್ಲಿ ಹೊಂಟೋರು, ಇಯರ್‌ಫೋನ್ ಹಾಕ್ಕೊಂಡು ಕೆಲಸ ಮಾಡ್ತಿರೋರು, ಎಲ್ಲರಿಗೂ ಇವತ್ತು ಒಂದೇ ಪ್ರಶ್ನೆ. 2019ರಲ್ಲಿ ಕೆಪಿಎಲ್ ಫಿಕ್ಸಿಂಗ್ ಆರೋಪದಲ್ಲಿ ಕ್ರಿಕೆಟಿಗರು ಅರೆಸ್ಟ್ ಆಗಿದ್ದು ನೆನಪೈತಲ್ಲ? ಆ ಕೇಸು ಕೊನೆಗೆ ಏನಾಯ್ತು ಹೇಳ್ರಿ.

ತಡವರಿಸಿದ್ರಿ ಅಲ್ವಾ? ತಪ್ಪು ನಿಮ್ಮದಲ್ಲ. ನಮಗೆ ಮೊದಲ ಎಪಿಸೋಡ್ ತೋರಿಸಿದ ಮಂದಿ ಕೊನೆಯ ಎಪಿಸೋಡ್ ಸರಿಯಾಗಿ ತೋರಿಸಲೇ ಇಲ್ಲ.

ಕಥೆ ಹೀಗಿದೆ. 2019ರ ಆಗಸ್ಟ್ ಕೊನೆಗೆ ಕೆಪಿಎಲ್ ಫೈನಲ್. ನಮ್ಮ ಭಾಗದ ಹುಬ್ಬಳ್ಳಿ ಟೈಗರ್ಸ್ ತಂಡ ಬಳ್ಳಾರಿ ಟಸ್ಕರ್ಸ್ ತಂಡವನ್ನು ಸೋಲಿಸಿ ಕಪ್ ಗೆದ್ದಿತು. ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಟಸ್ಕರ್ಸ್ ನಾಯಕ ಸಿ.ಎಂ. ಗೌತಮ್ ಮತ್ತು ಅದೇ ತಂಡದ ಅಬ್ರಾರ್ ಖಾಜಿ ಅವರನ್ನು ಬಂಧಿಸಿದರು. ಫೈನಲ್‌ನಲ್ಲಿ ಬೇಕಂತಲೇ ನಿಧಾನವಾಗಿ ಬ್ಯಾಟ್ ಮಾಡೋದಕ್ಕೆ 20 ಲಕ್ಷ ರೂಪಾಯಿ ಪಡೆದರು ಅನ್ನೋದು ಆರೋಪ. ಗೌತಮ್ ಸಣ್ಣ ಹೆಸರಲ್ಲ, ವರ್ಷಗಟ್ಟಲೆ ಕರ್ನಾಟಕ ರಣಜಿ ತಂಡದ ವಿಕೆಟ್ ಕೀಪರ್ ಆಗಿದ್ದವರು. ಹಂಗಾಗಿ ಸುದ್ದಿ ಎಲ್ಲಾ ಕಡೆ ಓಡಿತು.

ಈಗ ಕೊನೆಯ ಎಪಿಸೋಡ್. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಕೇಸನ್ನು ರದ್ದು ಮಾಡಿತು. ಯಾಕೆ? ಇಲ್ಲಿ ಗಮನ ಕೊಡ್ರಿ. 'ಇವರು ತಪ್ಪು ಮಾಡಿಲ್ಲ' ಅಂತ ಕೋರ್ಟ್ ಹೇಳಲಿಲ್ಲ. 'ಮಾಡಿದ್ದಾರೆ' ಅಂತಾನೂ ಹೇಳಲಿಲ್ಲ. ಕೋರ್ಟ್ ಹೇಳಿದ್ದರ ಸಾರ ಇಷ್ಟು: ಫಿಕ್ಸಿಂಗ್ ಮಾಡಿದ್ರೆ ಅದು ಆಟಗಾರನ ಅಪ್ರಾಮಾಣಿಕತೆ, ಅಶಿಸ್ತು ತೋರಿಸಬಹುದು. ಅದಕ್ಕೆ ಶಿಸ್ತುಕ್ರಮ ತಗೊಳ್ಳೋಕೆ ಬಿಸಿಸಿಐ ಇದೆ. ಆದರೆ ಐಪಿಸಿ 420 ಅಂದ್ರೆ ವಂಚನೆ. ಆ ಸೆಕ್ಷನ್ ಹಾಕಬೇಕಾದರೆ ಒಬ್ಬರಿಗೆ ಮೋಸ ಮಾಡಿ, ಆ ಮೋಸದಿಂದಲೇ ಅವರು ಹಣವನ್ನೋ ಆಸ್ತಿಯನ್ನೋ ಕೊಡುವಂತೆ ಮಾಡಿರಬೇಕು. ಪ್ರೇಕ್ಷಕರು ಟಿಕೆಟನ್ನು ತಾವಾಗೇ ಕೊಳ್ಳುತ್ತಾರೆ. ಹಾಗಾಗಿ ಆ ಸೆಕ್ಷನ್ ಇಲ್ಲಿ ನಿಲ್ಲೋದಿಲ್ಲ.

ಇದರ ಅರ್ಥ ಏನು? ನಮ್ಮ ದೇಶದಲ್ಲಿ ಫಿಕ್ಸಿಂಗಿಗೆ ಅಂತಲೇ ಒಂದು ಕ್ರಿಮಿನಲ್ ಕಾನೂನು ಇಲ್ಲ. ಗೌತಮ್ ಅರೆಸ್ಟ್ ಆದ ಅದೇ ನವೆಂಬರ್‌ನಲ್ಲಿ ಶ್ರೀಲಂಕಾ ಸಂಸತ್ತು ಫಿಕ್ಸಿಂಗನ್ನು ಅಪರಾಧ ಅಂತ ಪ್ರತ್ಯೇಕ ಕಾನೂನು ಮಾಡಿತು, 10 ವರ್ಷದವರೆಗೆ ಜೈಲು. ನಿಜವಾದ ದೊಡ್ಡ ಸುದ್ದಿ ಇದು. ಆದರೆ ಆಟಗಾರನ ಮುಖಕ್ಕೆ ಕೆಂಪು ವೃತ್ತ ಹಾಕೋದರಲ್ಲೇ ನಮ್ಮ ಮಾಧ್ಯಮದ ಉತ್ಸಾಹ ಮುಗಿದುಹೋಯಿತು.

ಇನ್ನೊಂದು ಕೇಸ್ ಜೊತೆಗಿಟ್ಟು ನೋಡೋಣ. ಬೆಂಗಳೂರಿನಲ್ಲಿ ತರಬೇತಿ ಪಡೆದ ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್. ಜೂನಿಯರ್ ಟೂರ್ನಿಗಳಲ್ಲಿ ಆಡೋಕೆ ವಯಸ್ಸಿನ ದಾಖಲೆ ತಿದ್ದಿದ್ದಾರೆ ಅಂತ ದೂರು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಎಫ್‌ಐಆರ್ ಆಯಿತು. ಹೈಕೋರ್ಟ್ ಅದನ್ನು ರದ್ದು ಮಾಡಲು ಒಪ್ಪಲಿಲ್ಲ. ಆದರೆ 2025ರ ಜುಲೈ 28ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಈ ಕೇಸ್ ಮುಂದುವರಿಸುವುದೇ ಕಾನೂನಿನ ದುರುಪಯೋಗ ಅನ್ನೋ ನಿಲುವು ಅಲ್ಲಿ.

ಎರಡೂ ಕಡೆ ಪದ ಒಂದೇ, 'ರದ್ದು'. ಕಾರಣ ಮಾತ್ರ ಬೇರೆ ಬೇರೆ. ಒಂದರಲ್ಲಿ ಆರೋಪಕ್ಕೆ ಆ ಸೆಕ್ಷನ್ ಹೊಂದಲಿಲ್ಲ. ಇನ್ನೊಂದರಲ್ಲಿ ಕೇಸಿಗೇ ಹುರುಳಿರಲಿಲ್ಲ. ಎರಡಕ್ಕೂ 'ಕ್ಲೀನ್ ಚಿಟ್' ಅಂತ ಒಂದೇ ಲೇಬಲ್ ಅಂಟಿಸಿದರೆ ಕೇಳೋರಿಗೆ ಏನು ತಿಳಿದಂಗಾಯ್ತು?

ನಾನು ಕಾಮರ್ಸ್ ಓದಿದವ, ನನ್ನ ಭಾಷೆಯಲ್ಲಿ ಹೇಳ್ತೀನಿ. ಲೆಕ್ಕದಲ್ಲಿ ಒಂದು ಮೊತ್ತ ಯಾವ ಖಾತೆಗೆ ಸೇರಬೇಕು ಅಂತ ಗೊತ್ತಿಲ್ಲದಿದ್ದರೆ ಅದನ್ನು ಸಸ್ಪೆನ್ಸ್ ಅಕೌಂಟಿನಲ್ಲಿ ಇಡ್ತೀವಿ. ಗೊತ್ತಾದ ದಿನ ಸರಿಯಾದ ಖಾತೆಗೆ ವರ್ಗ ಮಾಡ್ತೀವಿ. ಆರೋಪಾನೂ ಹಂಗೇ ಇರಬೇಕು. ನಮ್ಮ ಚಾನೆಲ್‌ಗಳು ಮೊದಲ ದಿನವೇ ಅದನ್ನು ನಷ್ಟದ ಖಾತೆಗೆ ಬರೆದುಬಿಡ್ತಾವೆ. ವರ್ಗ ಮಾಡೋ ದಿನ ಲೆಕ್ಕದ ಪುಸ್ತಕ ತೆರೆಯೋರೇ ಇಲ್ಲ.

ಯಾಕೆ ಹಿಂಗಾಗ್ತದೆ? ಅರೆಸ್ಟ್ ಆದ ದಿನ ಪೊಲೀಸರ ಪ್ರೆಸ್‌ಮೀಟ್ ಇರ್ತದೆ, ಫೋಟೋ ಇರ್ತದೆ, ವಿಡಿಯೋ ಇರ್ತದೆ. ಕೋರ್ಟ್ ಆದೇಶ ಅಂದ್ರೆ ಪುಟಗಟ್ಟಲೆ ಇಂಗ್ಲಿಷ್. ಅದನ್ನು ಕೂತು ಓದಬೇಕು. ಕ್ರೀಡಾ ವರದಿಗಾರ ಮ್ಯಾಚ್ ನೋಡ್ತಾನೆ, ಕ್ರೈಮ್ ವರದಿಗಾರ ಠಾಣೆ ನೋಡ್ತಾನೆ. ಮೂರು ವರ್ಷ ಒಂದೇ ಕೇಸಿನ ಬೆನ್ನು ಹತ್ತೋರು ಯಾರೂ ಇಲ್ಲ.

ಇದರ ಇನ್ನೊಂದು ಮಗ್ಗಲು ಮೌನ. ಪಂದ್ಯ ತೋರಿಸೋ ಹಕ್ಕಿಗೆ ಕೋಟಿಗಟ್ಟಲೆ ಸುರಿದ ವಾಹಿನಿ ತನ್ನದೇ ಸ್ಟಾರ್ ಮೇಲಿನ ದೂರಿನ ಬಗ್ಗೆ ಕಾಮೆಂಟರಿಯಲ್ಲಿ ಯಾಕೆ ಮಾತಾಡ್ತದೆ? ನ್ಯೂಸ್ ಚಾನೆಲ್ ಕಿರುಚ್ತದೆ, ಸ್ಪೋರ್ಟ್ಸ್ ಚಾನೆಲ್ ಬಾಯಿ ಮುಚ್ಕೊಂಡಿರ್ತದೆ. ಎರಡರ ನಡುವೆ ಸತ್ಯ ಕೇಳಿಸೋದೇ ಇಲ್ಲ.

ಆಮೇಲೆ ನಾವು, ಅಭಿಮಾನಿಗಳು. ನಮ್ಮ ಕಡೆ ಹೋರಿಗೂ ಹೆಸರೈತಿ, ಅಭಿಮಾನಿ ಬಳಗ ಐತಿ, ಫ್ಲೆಕ್ಸ್ ಐತಿ. ಅಭಿಮಾನ ಅಂದ್ರೇನು ಅಂತ ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಸ್ಟಾರ್ ಮೇಲೆ ಒಬ್ಬ ಹೆಣ್ಣುಮಗಳು ದೂರು ಕೊಟ್ಟಾಗ ಆಕೆಯ ಹೆಸರು, ಫೋಟೋ ಹುಡುಕಿ ವಾಟ್ಸಾಪ್‌ನಲ್ಲಿ ಹಂಚೋದು ಅಭಿಮಾನ ಅಲ್ರೀ. ಲೈಂಗಿಕ ದೌರ್ಜನ್ಯದ ಸಂತ್ರಸ್ತೆಯ ಗುರುತು ಬಯಲು ಮಾಡೋದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರ ಪ್ರಕಾರ ಅಪರಾಧ, 2 ವರ್ಷದವರೆಗೆ ಜೈಲಾಗಬಹುದು. ಆರೋಪಿ ಅಪರಾಧಿ ಅಲ್ಲ ಅಂತ ನೆನಪಿಸೋ ಬಾಯಿ ದೂರು ಕೊಟ್ಟವರನ್ನೂ ಸುಳ್ಳುಗಾರ್ತಿ ಅನ್ನಬಾರದು. ಸಸ್ಪೆನ್ಸ್ ಅಕೌಂಟ್ ಇಬ್ಬರಿಗೂ ಒಂದೇ.

ಹಂಗಾದ್ರೆ ಮೊಬೈಲ್ ಕೈಯಲ್ಲಿರೋ ನಾವೇನು ಮಾಡಬಹುದು? ಮುಂದಿನ ಸಲ ಇಂಥ ಸುದ್ದಿ ಬಂದಾಗ ಫಾರ್ವರ್ಡ್ ಒತ್ತೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ರಿ. ಇದು ಯಾವ ಹಂತ? ದೂರೋ, ಎಫ್‌ಐಆರೋ, ಚಾರ್ಜ್‌ಶೀಟೋ, ತೀರ್ಪೋ? ಹೇಳ್ತಿರೋರು ಯಾರು? ಪೊಲೀಸರೋ, ವಕೀಲರೋ, ನ್ಯಾಯಾಧೀಶರೋ? ಕೇಸ್ ಬಿದ್ದಿದ್ದರೆ ಯಾವ ಕಾರಣಕ್ಕೆ ಬಿತ್ತು? ಈ ಮೂರಕ್ಕೂ ಸುದ್ದಿಯಲ್ಲಿ ಉತ್ತರ ಇಲ್ಲ ಅಂದ್ರೆ ಆ ಸುದ್ದಿ ಇನ್ನೂ ಅರ್ಧ ಬೆಂದ ಅನ್ನ.

ಇವತ್ತಿಗೆ ಇಷ್ಟು. ಅರ್ಧಕ್ಕೆ ನಿಂತ ಇಂಥ ಕ್ರೀಡಾ ಸುದ್ದಿ ನಿಮ್ಮ ತಲೆಯಲ್ಲೂ ಯಾವುದಾದರೂ ಇದ್ದರೆ ಕಳಿಸ್ರಿ, ಕೊನೆ ಏನಾಯ್ತು ಅಂತ ಕೂಡಿ ಹುಡುಕೋಣ.